ಅಮ್ಮನ ಕಣ್ಣು ಮುಂದಕ್ಕೆ ಬಂದಿದೆ, ತಲೆ ಆಪರೇಷನ್ ಬೇಕಂತೆ

ಶ್ರೀನಿವಾಸಪುರದವನು:
ಅಮ್ಮನಿಗೆ 52 ವರ್ಷ. ಎಡಗಣ್ಣು ನಿಧಾನವಾಗಿ ಮುಂದಕ್ಕೆ ಬಂದಿದೆ. ಮೊದಲು ಥೈರಾಯ್ಡ್ ಇರಬೇಕು ಅಂದರು, ರಕ್ತ ಪರೀಕ್ಷೆ ನಾರ್ಮಲ್ ಬಂತು. ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಸ್ಫೀನೋ-ಆರ್ಬಿಟಲ್ ಮೆನಿಂಜಿಯೋಮಾ ಅಂತ ಬರೆದುಕೊಟ್ಟರು. ಮಿದುಳಿನ ಹೊದಿಕೆಯಲ್ಲಿ ಹುಟ್ಟಿ ಕಣ್ಣಿನ ಗೂಡಿನ ಮೂಳೆಗೆ ಹಬ್ಬೋ ಗಡ್ಡೆಯಂತೆ. ತಲೆಬುರುಡೆ ತೆರೆಯಬೇಕು, ಆದರೂ ಗಡ್ಡೆ ಪೂರ್ತಿ ಬರಲಿಕ್ಕಿಲ್ಲ ಅಂತಾರೆ ಡಾಕ್ಟರ್. ಪೂರ್ತಿ ಬರಲ್ಲ ಅಂದಮೇಲೆ ಯಾಕೆ ಕೊಯ್ಯಿಸಬೇಕು? ನೋವೇ ಇಲ್ವಲ್ಲ, ಮಾವಿನ ಸುಗ್ಗಿ ಮುಗೀಲಿ ಅನ್ನೋದು ಅಪ್ಪನ ಮಾತು. ಕಣ್ಣೇ ಕಿತ್ತುಬಿಡ್ತಾರೇನೋ ಅಂತ ಅಮ್ಮನಿಗೆ ಭಯ.

ಚಿಂತಾಮಣಿ ಟೀಚರ್:
ನನಗೂ ಇದೇ ಗಡ್ಡೆ, ಬಲಗಡೆ. ಬೆಂಗಳೂರಿನಲ್ಲಿ ಆಪರೇಷನ್ ಆಯ್ತು. ಕಣ್ಣು ತೆಗೆಯಲ್ಲ ಅಂತ ಮೊದಲು ಅಮ್ಮನಿಗೆ ಹೇಳಿ.

ಆಪರೇಷನ್ ಇರೋದು ಮುಖ್ಯವಾಗಿ ಕಣ್ಣಿನ ನರ ಉಳಿಸೋಕೆ. ಆ ನರ ಮೂಳೆಯೊಳಗಿನ ಸಣ್ಣ ಕೊಳವೆಯಲ್ಲಿ ಹಾದು ಬರುತ್ತೆ. ಈ ಗಡ್ಡೆಯಿಂದ ಮೂಳೆ ದಪ್ಪ ಆದಷ್ಟೂ ಕೊಳವೆ ಕಿರಿದಾಗಿ ನರ ಹಿಚುಕಿಹೋಗುತ್ತೆ. ನೋವು ಬರಲೇಬೇಕು ಅಂತಿಲ್ಲ. ನಾನು ಪೇಪರ್ ತಿದ್ದುವಾಗ ಬಲಗಣ್ಣಿಗೆ ಕೆಂಪು ಇಂಕು ಮಾಸಿದ ಇಟ್ಟಿಗೆ ಬಣ್ಣ ಕಾಣ್ತಿತ್ತು. ಅಕ್ಷರ ಎಲ್ಲ ಸರಿಯಾಗೇ ಓದ್ತಿದ್ದೆ! ಅಮ್ಮನಿಗೆ ಒಂದೊಂದೇ ಕಣ್ಣು ಮುಚ್ಚಿಸಿ ಕೆಂಪು ವಸ್ತು ತೋರಿಸಿ ನೋಡಿ. ಎರಡರಲ್ಲಿ ವ್ಯತ್ಯಾಸ ಇದ್ದರೆ ಸುಗ್ಗಿ ಗಿಗ್ಗಿ ಅಂತ ಕಾಯಬೇಡಿ.

ಕೂದಲಿನ ಅಂಚಿನ ಹಿಂದೆ, ಕಿವಿಯ ಮುಂದಿನಿಂದ ಮೇಲಕ್ಕೆ ಕೊಯ್ತಾರೆ. ಉಬ್ಬಿದ ಮೂಳೆಯನ್ನು ಡ್ರಿಲ್‌ನಲ್ಲಿ ತೇಯ್ದು ನರದ ಕೊಳವೆ ಬಿಡಿಸ್ತಾರೆ. ಡ್ರಿಲ್ ಬಿಸಿ ನರಕ್ಕೆ ತಾಗಬಾರದು ಅಂತ ನೀರು ಬಿಡ್ತಾನೇ ಇರ್ತಾರಂತೆ. ಕಣ್ಣಿನ ಗೂಡಿನ ಗೋಡೆ ಜಾಸ್ತಿ ಹೋದರೆ ಟೈಟಾನಿಯಂ ಜಾಲರಿ ಕೂರಿಸೋದೂ ಉಂಟು.

ಪೂರ್ತಿ ಯಾಕೆ ತೆಗೆಯಲ್ಲ ಅಂದರೆ, ಗಡ್ಡೆಯ ಒಂದು ತುದಿ ಎಷ್ಟೋ ಸಲ ಕಣ್ಣಿನ ಗೂಡಿನ ಹಿಂದಿರೋ ಕೆವರ್ನಸ್ ಸೈನಸ್ ಅನ್ನೋ ಜಾಗಕ್ಕೆ ಹೋಗಿರುತ್ತೆ. ಕಣ್ಣುಗುಡ್ಡೆ ಆಡಿಸೋ ನರಗಳು ಅಲ್ಲೇ ಇರೋದು. ಅಲ್ಲಿ ಕೆದಕಿದರೆ ರೆಪ್ಪೆ ಜೋತುಬೀಳಬಹುದು, ಒಂದು ಎರಡಾಗಿ ಕಾಣಬಹುದು. ಈ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ನಿಧಾನಕ್ಕೆ ಬೆಳೆಯೋದು. ಹಾಗಾಗಿ ಚೂರು ಬಿಟ್ಟು ಎಂಆರ್‌ಐನಲ್ಲಿ ನೋಡ್ತಾ ಇರ್ತಾರೆ. ಬೆಳೆದರೆ ಗಾಮಾ ನೈಫ್‌ನಂಥ ರೇಡಿಯೇಷನ್ ಇದೆ. ನನಗೆ ಬಿಟ್ಟ ಚೂರು ಇನ್ನೂ ಅಲ್ಲೇ ಇದೆ, ಅದರ ಪಾಡಿಗೆ ಅದು. ‘ಎಲ್ಲಿ ಬಿಡ್ತೀರಾ, ಯಾಕೆ?’ ಅಂತ ಸರ್ಜನ್‌ನ ನೇರವಾಗಿ ಕೇಳಿ. ಒಳ್ಳೆಯವರು ಫಿಲ್ಮ್ ಹಿಡಿದು ತೋರಿಸ್ತಾರೆ.

ಆಮೇಲೆ ಕೆಲವು ದಿನ ಕಣ್ಣು ಊದಿ ಮುಚ್ಚಿಕೊಂಡಿರುತ್ತೆ, ಗಾಬರಿ ಬೇಡ. ಕಪಾಲದ ಸ್ನಾಯು ಬಿಡಿಸಿರೋದರಿಂದ ದವಡೆ ಹಿಡಿದುಕೊಳ್ಳುತ್ತೆ. ಚಪಾತಿ ಅಗಿಯೋಕೆ ಆಗ್ತಿರಲಿಲ್ಲ. ನಮ್ಮ ಕಡೆಯವರಿಗೆ ಮುದ್ದೆ ಇದೆಯಲ್ಲ, ನುಂಗಿದರಾಯ್ತು!

ಕಣ್ಣು ಪರೀಕ್ಷಕ, ಚಿಕ್ಕಬಳ್ಳಾಪುರ:
ಟೀಚರ್ ಸರಿಯಾಗೇ ಹೇಳಿದ್ದಾರೆ. ಆಪರೇಷನ್‌ಗೆ ಮೊದಲು ಫೀಲ್ಡ್ ಟೆಸ್ಟ್ (ಕಣ್ಣಿಗೆ ಸುತ್ತಲೂ ಎಷ್ಟು ಅಗಲ ಕಾಣುತ್ತೆ ಅನ್ನೋ ಪರೀಕ್ಷೆ) ತಪ್ಪದೇ ಮಾಡಿಸಿ, ಮುಂದೆ ಹೋಲಿಸಿ ನೋಡೋಕೆ ಬೇಕು. ಮೂಳೆಗೆ ಸಿಟಿ, ಗಡ್ಡೆಗೆ ಕಾಂಟ್ರಾಸ್ಟ್ ಎಂಆರ್‌ಐ (ಗಡ್ಡೆ ಎದ್ದು ಕಾಣೋಕೆ ಔಷಧಿ ಚುಚ್ಚಿ ಮಾಡೋದು), ಎರಡೂ ಬೇಕು. ಬರೀ ರಿಪೋರ್ಟ್ ಸಾಲದು, ಸಿಡಿ ಒಯ್ಯಿರಿ. ಇನ್ನೊಂದು ವಿಷಯ: ಅಮ್ಮ ವರ್ಷಗಟ್ಟಲೆ ಹಾರ್ಮೋನ್ ಮಾತ್ರೆಯೋ ಮೂರು ತಿಂಗಳಿಗೊಮ್ಮೆ ಕೊಡೋ ಗರ್ಭನಿರೋಧಕ ಇಂಜೆಕ್ಷನ್ನೋ ತಗೊಂಡಿದ್ದರೆ ಡಾಕ್ಟರಿಗೆ ಹೇಳಿ. ಕೆಲವು ಪ್ರೊಜೆಸ್ಟರಾನ್ ಜಾತಿಯ ಔಷಧಿಗಳಿಗೂ ಮೆನಿಂಜಿಯೋಮಾಗೂ ನಂಟಿದೆ ಅಂತ 2024ರ ಫ್ರಾನ್ಸ್ ಅಧ್ಯಯನದಲ್ಲಿ ಕಂಡುಬಂದಿದೆ.

ಶ್ರೀನಿವಾಸಪುರದವನು:
ಟೊಮೆಟೊ ತೋರಿಸಿದೆ ಟೀಚರ್. ಎಡಗಣ್ಣಿಗೆ ದೋರೆಗಾಯಿ ಥರ ಕಾಣ್ತಿದೆ ಅಂದರು. ಅಪ್ಪ ತೆಪ್ಪಗಾದರು. ಈ ವಾರವೇ ಹೊರಡ್ತೀವಿ. ದುಡ್ಡಿನ ಕಥೆ ಹೇಗೆ?

ಚಿಂತಾಮಣಿ ಟೀಚರ್:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡ 30 ಮಾತ್ರ. ಹೊರಡೋ ಮೊದಲು ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಬರೆಸಿಕೊಳ್ಳಿ. ಅದಿಲ್ಲದೆ ಹೋದರೆ ಕೌಂಟರಿನಿಂದ ವಾಪಸ್ ಕಳಿಸಬಹುದು. ರೇಷನ್ ಕಾರ್ಡ್, ಆಧಾರ್ ಎರಡರದ್ದೂ ಜೆರಾಕ್ಸ್ ನಾಲ್ಕು ನಾಲ್ಕು ಇಟ್ಟುಕೊಳ್ಳಿ.