ಹೊಸ ಆಫೀಸಿನಲ್ಲಿ ನನ್ನ ಬಗ್ಗೆ ಏನು ಹೇಳಲಿ? ನಿಮ್ಮ ಅನುಭವ ತಿಳಿಸುತ್ತೀರಾ?

ಪೆರ್ಲದಿಂದ, ಕೇಳುತ್ತಿರುವವಳು:

ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತು ಬಿ.ಕಾಂ. ಮುಗಿಸಿದವಳು. ಬರುವ ಸೋಮವಾರ ಮೈಸೂರಿನಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರುತ್ತಿದ್ದೇನೆ. ಮೊದಲ ದಿನ ಹೊಸಬರೆಲ್ಲ ಐದೈದು ನಿಮಿಷ ತಮ್ಮ ಬಗ್ಗೆ ಮಾತಾಡಬೇಕಂತೆ. ಮನೆ, ಹವ್ಯಾಸ, ಬದುಕಿನ ಅನುಭವ ಎಲ್ಲ. ಬರೆಯಲು ಕುಳಿತರೆ ಆದದ್ದು ಇಷ್ಟೇ: ಊರು ಕಾಸರಗೋಡು, ಮನೆಯಲ್ಲಿ ಅಡಿಕೆ ತೋಟ, ಸುರಂಗದ ನೀರು, ಹವ್ಯಾಸ ಯಕ್ಷಗಾನ ನೋಡುವುದು. ಮತ್ತೆ ಹೇಳುವಂಥದ್ದು ಏನೂ ಇಲ್ಲ ಅನ್ನಿಸುತ್ತದೆ. ಏನು ಹೇಳಬೇಕು, ಏನು ಹೇಳಬಾರದು? ನಿಮಗೂ ಹೀಗೆ ಆದದ್ದಿದ್ದರೆ ದಯವಿಟ್ಟು ಹೇಳಿ.

ಬದಿಯಡ್ಕ ಹತ್ತಿರದಿಂದ, ಸುರಂಗ ಕೊರೆಯುತ್ತಿದ್ದವರು:

ಮಗಳೇ, ಸುರಂಗದ ನೀರು ಅಂತ ಎರಡೇ ಪದ ಬರೆದು ಮುಂದೆ ಹೋದೆಯಲ್ಲ, ಅಲ್ಲೇ ಸ್ವಲ್ಪ ನಿಲ್ಲು. ನಾನು 30 ವರ್ಷ ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆದವನು. ಏನು ಕೆಲಸ ಅಂತ ಯಾರಾದರೂ ಕೇಳಿದರೆ 'ಕೂಲಿ' ಅನ್ನುತ್ತಿದ್ದೆ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಒಮ್ಮೆ ಮೊಮ್ಮಗನ ಶಾಲೆಗೆ ಕರೆದು, ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಹೇಳಿ ಅಂದರು. ಗುಡ್ಡದ ಒಳಗೆ ಅಡ್ಡಕ್ಕೆ ಕೊರೆಯುವುದು, ಒಬ್ಬ ಹೋಗುವಷ್ಟೇ ಅಗಲ ಅಂದೆ. ಮಕ್ಕಳು ಸುಮ್ನೆ ಕುಳಿತಿದ್ದರು. ಮತ್ತೆ ಮೇಣದಬತ್ತಿಯ ವಿಷಯ ಹೇಳಿದೆ. ಒಳಗೆ ಹೋಗುವಾಗ ಅದನ್ನು ಹಚ್ಚಿಕೊಂಡೇ ಹೋಗಬೇಕು, ಬೆಳಕಿಗೆ ಮಾತ್ರ ಅಲ್ಲ. ಉರಿ ಸಣ್ಣದಾಗಿ ನಂದಿತು ಅಂದರೆ ಉಸಿರಾಡುವ ಗಾಳಿ ಸಾಲದು ಅಂತ ಲೆಕ್ಕ. ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಜಾಸ್ತಿ ಉದ್ದ ಹೋದರೆ ಗಾಳಿಗಾಗಿ ಗುಡ್ಡದ ಮೇಲಿನಿಂದ ಬಾವಿಯ ಹಾಗೆ ಒಂದು ಗುಂಡಿ ಇಳಿಸುವುದೂ ಉಂಟು. ಒಳಗಿನ ನೆಲ ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಆಗ ಪಂಪೂ ಬೇಡ, ಕರೆಂಟೂ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಹಿಂದೆ ಅದನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಗೆ ತರುತ್ತಿದ್ದೆವು, ಈಗ ಪೈಪು. ಉದ್ದ ಅಳೆಯುವುದು ಕೋಲಿನಲ್ಲಿ. ಒಂದು ಕೋಲು ಅಂದರೆ ಎರಡೂವರೆ ಅಡಿ.

ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ. ಒಬ್ಬಳು 'ಅಜ್ಜಾ, ಹೆದರಿಕೆ ಆಗಲಿಲ್ವಾ?' ಅಂತ ಕೇಳಿದಳು. ಆಗಿತ್ತು. ಒಂದು ದಿನ ತಲೆ ಮೇಲೆ ಒಂದು ಹಿಡಿ ಮಣ್ಣು ಬಿತ್ತು. ತಿರುಗಿ ನೋಡುವಾಗ ಬಂದ ದಾರಿ ಅರ್ಧ ಮುಚ್ಚಿತ್ತು. ಮಣ್ಣು ಹೊರುತ್ತಿದ್ದ ನನ್ನ ತಮ್ಮ ಆಚೆಯಿಂದ ಬರಿಗೈಯಲ್ಲಿ ತೋಡಿ ದಾರಿ ಮಾಡಿದ. ಅದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ಮೊದಲು ಹೇಳಿದ್ದು ಆ ಮಕ್ಕಳಿಗೆ. ಅವತ್ತಿನಿಂದ ಕೂಲಿ ಅನ್ನುವುದು ಬಿಟ್ಟೆ. ಸುರಂಗ ಕೊರೆದವನು ಅಂತಲೇ ಹೇಳುತ್ತೇನೆ.

ನಿಮ್ಮ ಸುರಂಗ ಕೊರೆದವರು ಯಾರು, ಎಷ್ಟು ಕೋಲು ಉಂಟು? ಅಪ್ಪನ ಹತ್ತಿರ ಕೇಳಿ ಹೋಗು.

ಮಂಜೇಶ್ವರದವರು, ಈಗ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ:

ತಂಗಿ, ಕಾಸರಗೋಡು ಅಂದ ಕೂಡಲೇ ಈ ಮಾತು ಬಂದೇ ಬರುತ್ತದೆ: 'ಓ, ಮಲಯಾಳಿನಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!' ಮೊದಮೊದಲು ನನಗೆ ಸಂಕಟವಾಗುತ್ತಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ, ರಾಷ್ಟ್ರಕವಿ ಗೋವಿಂದ ಪೈಗಳು ನಮ್ಮ ಊರಿನವರು, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಈ ನೆಲಕ್ಕಾಗಿ ಕೊನೆಯವರೆಗೂ ದನಿ ಎತ್ತಿದವರು ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಹೇಳಿದ್ದೆಲ್ಲ ನಿಜ. ಆದರೆ ಎದುರಿನವರು ತಪ್ಪು ಮಾಡಿದವರ ಹಾಗೆ ಸುಮ್ಮನಾಗುತ್ತಿದ್ದರು.

ಈಗ ದಾರಿ ಬದಲಿಸಿದ್ದೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪಕ್ಕದ ಮನೆಯವರ ಜೊತೆ ಕೊಂಕಣಿ, ಮೀನು ತರುವಾಗ ಬ್ಯಾರಿ ಅನ್ನುತ್ತೇನೆ. ಒಂದೇ ದಿನದಲ್ಲಾ ಅಂತ ಕೇಳುತ್ತಾರೆ. ಹೌದು, ಮಧ್ಯಾಹ್ನದ ಒಳಗೆ. ನಮ್ಮ ಬ್ರಾಂಚಿನಲ್ಲಿ ಈಗ ಹಾಸನದವರೂ ನನ್ನನ್ನು ಕಂಡರೆ 'ಒಣಸ್ ಆಂಡಾ?' ಅಂತ ತುಳುವಿನಲ್ಲೇ ಊಟ ಆಯಿತಾ ಕೇಳುತ್ತಾರೆ. ಹಾಗಾದರೆ ಕೇರಳಕ್ಕೆ ಸೇರಿದ್ದು ಯಾವಾಗ ಅಂತ ಅವರಾಗಿಯೇ ಕೇಳಿದಾಗ ಇಸವಿ ಹೇಳು. ಆಗ ಕೇಳಿಸಿಕೊಳ್ಳುತ್ತಾರೆ.

ಕುಂಬಳೆಯಿಂದ, ಶಾಲಾ ಅಧ್ಯಾಪಕರು, ಹವ್ಯಾಸಿ ಚೆಂಡೆಯವರು:

ಯಕ್ಷಗಾನ ನೋಡುವುದು ಅಂದರೆ ಮೈಸೂರಿನವರಿಗೆ ಏನೂ ಕಾಣಿಸುವುದಿಲ್ಲ. ನೀವು ಕಂಡದ್ದನ್ನು ಹೇಳಿ. ನಾನು ಹೇಳುವುದು ಚೌಕಿಯ ವಿಷಯ, ಅಂದರೆ ವೇಷ ಕಟ್ಟುವ ಜಾಗ. ಸಣ್ಣವನಿರುವಾಗ ಯಕ್ಷಗಾನದ ಆಟ ನೋಡುವುದು ಬಿಟ್ಟು ಚೌಕಿಯಲ್ಲೇ ಕೂರುತ್ತಿದ್ದೆ. ಬಣ್ಣದ ವೇಷದವರು ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ಚುಕ್ಕಿಯ ಮೇಲೆ ಚುಕ್ಕಿ, ಗಂಟೆಗಟ್ಟಲೆ. ಗುರುತಿನ ಮನುಷ್ಯ ನನ್ನ ಕಣ್ಣೆದುರೇ ರಾಕ್ಷಸನಾಗುತ್ತಿದ್ದ. ನಿದ್ದೆ ಬಂದು ಚಾಪೆಯಲ್ಲಿ ಮಲಗಿದರೆ ಆ ವೇಷ ರಂಗಕ್ಕೆ ಬರುವಾಗ ಅಜ್ಜ ತಟ್ಟಿ ಎಬ್ಬಿಸುತ್ತಿದ್ದರು. ನಿಮ್ಮನ್ನು ಎಬ್ಬಿಸಿದವರು ಯಾರು? ಅದನ್ನು ಹೇಳಿದರೆ ಸಾಕು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ ಅನ್ನುವುದನ್ನೂ ಸಮಯ ಉಳಿದರೆ ಸೇರಿಸಿ, ನನಗೆ ಖುಷಿಯಾಗುತ್ತದೆ.

ಕಾಸರಗೋಡು ಪೇಟೆಯಿಂದ, ನರ್ಸ್:

ಹೇಳಬಾರದ್ದರ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮೊದಲ ಕೆಲಸದಲ್ಲಿ ಮೊದಲ ವಾರವೇ ನನ್ನ ಕಾಯಿಲೆಯ ವಿಷಯ ಎಲ್ಲರ ಎದುರು ಹೇಳಿದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆಮೇಲೆ ಒಂದು ದಿನ ರಜೆ ಕೇಳಿದರೂ ಅದೇ ಮಾತು ಎತ್ತುತ್ತಿದ್ದರು. ತುಂಬ ಅತ್ತಿದ್ದೇನೆ. ಕಾಯಿಲೆ, ಮನೆಯ ಸಾಲ, ಅಪ್ಪ ಅಮ್ಮನ ಜಗಳ, ಇವೆಲ್ಲ ಎರಡು ಮೂರು ತಿಂಗಳು ಕಳೆದು ನಂಬಿಕೆ ಬಂದ ಒಬ್ಬರಿಗೆ ಮಾತ್ರ. ಬೇರೆಯವರ ಗುಟ್ಟು ಯಾವತ್ತೂ ಬೇಡ. ಮದುವೆ ಯಾವಾಗ ಅಂತ ಕೇಳಿದರೆ 'ಆಗುವಾಗ ಹೇಳ್ತೇನೆ ಅಕ್ಕ' ಅಂತ ನಕ್ಕು, ಅವರ ಊರು ಯಾವುದು ಅಂತ ಕೇಳು. ಹೆಚ್ಚಿನವರು ತಮ್ಮ ಊರಿನ ಕಥೆ ಶುರು ಮಾಡುತ್ತಾರೆ.

ಪೆರ್ಲದಿಂದ, ಕೇಳಿದವಳು:

ಎಲ್ಲರಿಗೂ ಕೈಮುಗಿದೆ. ರಾತ್ರಿ ಅಪ್ಪನ ಹತ್ತಿರ ಕೇಳಿದೆ. ನಮ್ಮ ಸುರಂಗ 62 ಕೋಲು ಅಂತೆ. ನೀರು ಸಿಗದೆ ಒಮ್ಮೆ ಕೆಲಸ ನಿಲ್ಲಿಸಿದ್ದರಂತೆ. ಅಜ್ಜಿ ತನ್ನ ಬಳೆ ಅಡವಿಟ್ಟು ಮತ್ತೆ ಕೊರೆಸಿದರಂತೆ. ಅದಾಗಿ ಒಂಬತ್ತನೇ ದಿನ ಕಲ್ಲು ಒದ್ದೆಯಾಯಿತು. ಅಜ್ಜಿಗೆ ಈಗ 84 ವರ್ಷ. ಕೇಳಿದ್ದಕ್ಕೆ ಕೈ ಹಿಡಿದು ಸುರಂಗದ ಬಾಯಿಯವರೆಗೆ ಕರೆದುಕೊಂಡು ಹೋದರು. ಸೋಮವಾರ ಆ ಬಳೆಯಿಂದಲೇ ಶುರು ಮಾಡುತ್ತೇನೆ. ಸಾಲದ ವಿಷಯ ಹೇಳಬಾರದು ಅಂದಿರಿ ಅಕ್ಕ, ಆದರೆ ಇದನ್ನು ಹೇಳಬಹುದಾ ಅಂತ ಅಜ್ಜಿಯನ್ನೇ ಕೇಳಿದೆ. ಹೇಳು ಅಂದರು.