ಅಪ್ಪನನ್ನು ಕೂರಿಸಿಕೊಂಡು ರೈಟ್-ಪ್ಯಾಟರ್ಸನ್ ಏರ್‌ಬೇಸ್‌ನಲ್ಲೇ ಸೆಸ್ನಾ ಇಳಿಸಬಹುದಾ?

ಕೊಲಂಬಸ್ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಓಹಾಯೊದ ಕೊಲಂಬಸ್‌ನಲ್ಲಿ. ಎರಡು ವರ್ಷದ ಹಿಂದೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿತು. ಕ್ಲಬ್ಬಿನ ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ಪುಟ್ಟ ವಿಮಾನ ಬಾಡಿಗೆಗೆ ತೆಗೆದುಕೊಂಡು ಹಾರಿಸುತ್ತೇನೆ. ಈವರೆಗೆ 140 ಗಂಟೆ ಆಗಿದೆ.

ಮುಂದಿನ ತಿಂಗಳು ಅಪ್ಪ ಬೆಂಗಳೂರಿನಿಂದ ಬರುತ್ತಿದ್ದಾರೆ. ಎಚ್‌ಎಎಲ್‌ನಲ್ಲಿ 36 ವರ್ಷ ರಿವೆಟ್ ಹೊಡೆದವರು. ಕೆಲಸಕ್ಕೆ ಸೇರಿದಾಗ ಮಾರುತ್ ಯುದ್ಧವಿಮಾನ ತಯಾರಾಗುತ್ತಿತ್ತಂತೆ. ಆಮೇಲೆ ಕಿರಣ್, ಕೊನೆಗೆ ಜಾಗ್ವಾರ್. ಜೀವನವೆಲ್ಲಾ ವಿಮಾನ ಕಟ್ಟಿದವರು ಚಿಕ್ಕ ವಿಮಾನದಲ್ಲಿ ಒಂದು ಸಲವೂ ಕೂತಿಲ್ಲ. ಈಗ 74 ವರ್ಷ. ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಚೆನ್ನಾಗಿದೆ.

ಅವರಿಗೆ ಡೇಟನ್‌ನಲ್ಲಿರುವ ಅಮೆರಿಕದ ಏರ್‌ಫೋರ್ಸ್ ಮ್ಯೂಸಿಯಂ ನೋಡುವ ಆಸೆ. ಕಾರಿನಲ್ಲಿ ಹೋದರೆ ಒಂದೂಕಾಲು ಗಂಟೆ, ಅಷ್ಟೇ. ಆದರೆ ನಾನೇ ಹಾರಿಸಿಕೊಂಡು ಕರೆದುಕೊಂಡು ಹೋಗಬೇಕು ಅಂತ ಮನಸ್ಸು. ಚಾರ್ಟ್ ನೋಡಿದರೆ ಮ್ಯೂಸಿಯಂ ರೈಟ್-ಪ್ಯಾಟರ್ಸನ್ ಬೇಸ್‌ಗೆ ಅಂಟಿಕೊಂಡೇ ಇದೆ. ಅಲ್ಲಿನ ದೊಡ್ಡ ರನ್‌ವೇ ಸುಮಾರು 12,600 ಅಡಿ. ನನ್ನ ಸೆಸ್ನಾಗೆ ಅದರಲ್ಲಿ ಹತ್ತನೇ ಒಂದು ಭಾಗ ಸಾಕು.

ಏನೋ ಫಾರ್ಮ್ ತುಂಬಿದರೆ ಸಿವಿಲಿಯನ್ನರಿಗೂ ಇಳಿಯಲು ಪರ್ಮಿಟ್ ಕೊಡುತ್ತಾರೆ ಅಂತ ಕೇಳಿದ್ದೇನೆ. ನಿಜವಾ? ಯಾರಾದರೂ ಮಾಡಿದ್ದೀರಾ? ಅಪ್ಪ ಭಾರತದ ಪ್ರಜೆ, ವಿಸಿಟರ್ ವೀಸಾ. ಅದರಿಂದ ತೊಂದರೆ ಆಗುತ್ತದಾ?

ಪ್ರೇರಿ ಪೈಲಟ್:

ಪರ್ಮಿಟ್ ಇಲ್ಲದೆ ಹತ್ತಿರ ಕೂಡ ಹೋಗಬೇಡಿ. 2016ರ ಜುಲೈನಲ್ಲಿ ಡೆಲ್ಟಾ ಕಂಪನಿಯ ಏರ್‌ಬಸ್ ಎ320 ಒಂದು ರ‍್ಯಾಪಿಡ್ ಸಿಟಿಗೆ ಹೋಗಬೇಕಿತ್ತು. ಹೋಗಿ ಇಳಿದಿದ್ದು ಎಲ್ಸ್‌ವರ್ತ್ ಏರ್‌ಫೋರ್ಸ್ ಬೇಸ್‌ನಲ್ಲಿ. ಎರಡೂ ರನ್‌ವೇ ಹೆಚ್ಚುಕಡಿಮೆ ಒಂದೇ ದಿಕ್ಕಿಗಿವೆ, ನಡುವೆ ಸುಮಾರು ಹತ್ತು ಕಿಲೋಮೀಟರ್. ಪ್ರಯಾಣಿಕರು ಎರಡು ಗಂಟೆಗೂ ಹೆಚ್ಚು ಹೊತ್ತು ಕಿಟಕಿ ಮುಚ್ಚಿಕೊಂಡು ಒಳಗೇ ಕೂರಬೇಕಾಯಿತು. 2004ರಲ್ಲಿ ನಾರ್ತ್‌ವೆಸ್ಟ್ ವಿಮಾನವೂ ಅಲ್ಲೇ ಹೀಗೇ ಇಳಿದಿತ್ತು. ಇಬ್ಬರು ಪೈಲಟ್ ಇರುವ ವಿಮಾನಕ್ಕೇ ಹೀಗಾಗುತ್ತದೆ. ಡೇಟನ್ ಸುತ್ತ ರನ್‌ವೇಗಳು ಬೇಕಾದಷ್ಟಿವೆ. ಯಾವುದಕ್ಕೆ ಇಳಿಯುತ್ತಿದ್ದೀರಿ ಅಂತ ಎರಡು ಸಲ ನೋಡಿಕೊಳ್ಳಿ.

ಎಂಜಿನ್ ನಿಂತುಹೋದರೆ ಮಾತು ಬೇರೆ. ಎಮರ್ಜೆನ್ಸಿ ಅಂತ ಹೇಳಿ ಎಲ್ಲಿ ಬೇಕಾದರೂ ಇಳಿಸಿ. ಆಗ ಫಾರ್ಮ್ ನೆನಪಿಸಿಕೊಳ್ಳುತ್ತಾ ಕೂರಬೇಡಿ.

ಗಾಳಿಪಟದ ಅಕ್ಕ:

ತಮ್ಮಾ, ನಾನು ಸಿನ್ಸಿನಾಟಿಯಲ್ಲಿ ಫ್ಲೈಟ್ ಇನ್‌ಸ್ಟ್ರಕ್ಟರ್. ಊರು ಧಾರವಾಡ. ಏರ್‌ಫೋರ್ಸ್ ಬೇಸ್ ಒಂದರಲ್ಲಿ ಒಂದೇ ಒಂದು ಸಲ ಇಳಿದಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ಕೇಳಿದ್ದು ನಿಜ. ಮೂರು ಫಾರ್ಮ್ ಇವೆ. ಡಿಡಿ 2400 ಅಂದರೆ ಇನ್ಶೂರೆನ್ಸ್ ಪತ್ರ. ಅದನ್ನು ಇನ್ಶೂರೆನ್ಸ್ ಕಂಪನಿಯವರೇ ತುಂಬಿ ಸಹಿ ಹಾಕಬೇಕು. 2401 ಅಂದರೆ ಇಳಿಯುವ ಪರ್ಮಿಟ್. 2402ರಲ್ಲಿ ಏನಾದರೂ ಆದರೆ ಸರ್ಕಾರದ ಮೇಲೆ ಹೊಣೆ ಹಾಕುವುದಿಲ್ಲ ಅಂತ ಬರೆದುಕೊಡಬೇಕು. ಮೂರರಲ್ಲೂ ಒಂದೇ ಹೆಸರು ಇರಬೇಕು. ನಿಮ್ಮದು ಕ್ಲಬ್ಬಿನ ವಿಮಾನ, ಇನ್ಶೂರೆನ್ಸ್ ಕ್ಲಬ್ಬಿನ ಹೆಸರಲ್ಲಿರುತ್ತದೆ, ಅಲ್ವಾ? ಹಾಗಾದರೆ ಅರ್ಜಿ ಹಾಕಬೇಕಾದವರು ಕ್ಲಬ್ಬಿನವರು, ನೀವಲ್ಲ. ತಿಂಗಳ ಮೊದಲೇ ಕಳಿಸಬೇಕು. ನನ್ನ ಮೊದಲ ಅರ್ಜಿ ವಾಪಸ್ ಬಂದಿತ್ತು. ವಿಮಾನದ ನಂಬರಿನಲ್ಲಿ ಒಂದು ಅಕ್ಷರ ನಾನು ತಪ್ಪು ಬರೆದಿದ್ದೆ.

ಪರ್ಮಿಟ್ ಕೈಗೆ ಬಂದರೂ ಸುಮ್ನೆ ಹೋಗಿ ಇಳಿಯುವ ಹಾಗಿಲ್ಲ. ಹೋಗುವ ಮುಂಚೆ ಆ ಬೇಸ್‌ಗೆ ಫೋನ್ ಮಾಡಿ ಪಿಪಿಆರ್ ನಂಬರ್ ತೆಗೆದುಕೊಳ್ಳಬೇಕು. ಮೊದಲೇ ಪಡೆದ ಒಪ್ಪಿಗೆ ಅಂತ ಅದರ ಅರ್ಥ. ನಂಬರ್ ಇಲ್ಲ ಅಂದರೆ ಪರ್ಮಿಟ್ ಇದ್ದೂ ಪ್ರಯೋಜನವಿಲ್ಲ.

ಈಗ ಮುಖ್ಯ ವಿಷಯ. ಪರ್ಮಿಟ್ ಕೊಡಲು ಅವರಿಗೆ ಒಂದು ಕಾರಣ ಬೇಕು. ಸರ್ಕಾರಿ ಕೆಲಸ, ಸೇನೆಯ ಕಾಂಟ್ರ್ಯಾಕ್ಟು, ಸ್ವಂತ ವಿಮಾನ ಇರುವ ಸೈನಿಕರು, ಇಲ್ಲವಾದರೆ ಬೇಸ್‌ನವರೇ ಕರೆದ ಫ್ಲೈ-ಇನ್, ಅಂದರೆ ಚಿಕ್ಕ ವಿಮಾನದವರು ಹಾರಿ ಬಂದು ಸೇರುವ ಸಭೆ. ಮ್ಯೂಸಿಯಂ ನೋಡಬೇಕು ಅನ್ನುವುದು ಕಾರಣವಾಗುವುದಿಲ್ಲ. ಪಕ್ಕದಲ್ಲಿ ಸಿವಿಲ್ ಏರ್‌ಪೋರ್ಟ್ ಇದ್ದು ಅದೇ ಸಾಕಾಗುತ್ತದೆ ಅಂದರೆ, ಆ ಸಿವಿಲ್ ಏರ್‌ಪೋರ್ಟಿನವರ ಹೊಟ್ಟೆಯ ಮೇಲೆ ಹೊಡೆಯಬಾರದು ಅಂತ ಏರ್‌ಫೋರ್ಸ್ ನಿಯಮವೇ ಇದೆ. ಈ ನಿಯಮ ನನಗೆ ಸರಿ ಅನ್ನಿಸುತ್ತದೆ. ನಮ್ಮ ಚಿಕ್ಕ ಏರ್‌ಪೋರ್ಟ್‌ಗಳು ನಡೆಯುವುದೇ ನಾವು ಕೊಳ್ಳುವ ಪೆಟ್ರೋಲಿನಿಂದ.

ನಾನು ಹೋಗಿದ್ದು ಫ್ಲೈ-ಇನ್‌ಗೆ. ಆಕಾಶದಲ್ಲಿ ಸೇನೆಯ ವಿಮಾನಕ್ಕೂ ನಮ್ಮ ವಿಮಾನಕ್ಕೂ ಡಿಕ್ಕಿ ಆಗದ ಹಾಗೆ ತಿಳಿವಳಿಕೆ ಕೊಡಲು ಕೆಲವು ಬೇಸ್‌ಗಳು ಇಂಥ ಸಭೆ ಕರೆಯುತ್ತವೆ. ಆ ದಿನ ಟವರ್‌ನಿಂದ 'ವೀಲ್ಸ್ ಡೌನ್ ನೋಡಿಕೊಳ್ಳಿ' ಅಂದರು. ಚಕ್ರ ಮಡಚಲು ಬಾರದ ಸೆಸ್ನಾಗೂ ಹೇಳುತ್ತಾರೆ, ಅದು ಅವರ ಪದ್ಧತಿ. ಗೌರವದಿಂದ ಉತ್ತರ ಕೊಡಿ. ಫೈಟರ್‌ಗಳಿರುವ ಬೇಸ್‌ನಲ್ಲಿ ರನ್‌ವೇಗೆ ಅಡ್ಡಲಾಗಿ ದಪ್ಪ ಉಕ್ಕಿನ ಕೇಬಲ್ ಇರಬಹುದು, ಫೈಟರ್‌ನ ಕೊಕ್ಕೆ ಸಿಕ್ಕಿಸಿ ನಿಲ್ಲಿಸಲು. ಮೂಗಿನ ಚಕ್ರ ಚಿಕ್ಕದಾಗಿರುವ ನಮ್ಮಂಥವರು ಅದನ್ನು ದಾಟಿದ ಮೇಲೆಯೇ ನೆಲ ಮುಟ್ಟಬೇಕು. ರನ್‌ವೇ ಎಷ್ಟು ಅಗಲ ಇತ್ತು ಅಂದರೆ, ಇನ್ನೂ ಎತ್ತರದಲ್ಲಿದ್ದಾಗಲೇ ನೆಲ ಬಂತು ಅನ್ನಿಸಿ ಮೂಗು ಬೇಗ ಎತ್ತಿಬಿಟ್ಟೆ. ಧಡ್ ಅಂತ ಕೂತೆ. ಆಮೇಲೆ ಒಂದು ಟ್ರಕ್ ಮುಂದೆ ಮುಂದೆ ಹೋಗಿ ನಿಲ್ಲುವ ಜಾಗ ತೋರಿಸಿತು. ಅವರು ಹೇಳಿದ ಗೆರೆ ದಾಟಿ ಒಂದು ಹೆಜ್ಜೆಯೂ ಇಡಲಿಲ್ಲ ನಾವು.

ನಿಮಗೆ ನಾನು ಹೇಳುವುದು ಇಷ್ಟು. ಗ್ರೀನ್ ಕೌಂಟಿ ಏರ್‌ಪೋರ್ಟ್‌ನಲ್ಲಿ ಇಳಿಯಿರಿ, ಬೇಸ್‌ನಿಂದ ದಕ್ಷಿಣಕ್ಕೆ ತುಂಬಾ ಹತ್ತಿರ. ಇಲ್ಲವಾದರೆ ಡೇಟನ್-ರೈಟ್ ಬ್ರದರ್ಸ್ ಏರ್‌ಪೋರ್ಟ್. ಅಲ್ಲಿ 'ರೈಟ್ ಬಿ' ವಿಮಾನದ ಹಾರುವ ಪ್ರತಿಕೃತಿ ಇಟ್ಟಿದ್ದಾರೆ, ಅಪ್ಪನಿಗೆ ಇಷ್ಟವಾಗುತ್ತದೆ. ಹೊರಟಾಗಿನಿಂದ ರಾಡಾರ್‌ನವರ ಜೊತೆ ಮಾತಾಡುತ್ತಲೇ ಇರಿ. ಬೇಸ್‌ನ ಸಿ-17 ಅನ್ನುವ ದೊಡ್ಡ ಸಾಗಣೆ ವಿಮಾನ ಹತ್ತಿರದಲ್ಲಿ ಹಾದುಹೋದರೆ ಹಿಂದಿನ ಗಾಳಿಯ ಸುಳಿ ತಣ್ಣಗಾಗಲು ಬಿಡಿ.

ಮ್ಯೂಸಿಯಂಗೆ ಬೇಸ್ ಪಾಸ್ ಬೇಡ. ಸಾರ್ವಜನಿಕರಿಗೆ ಬೇರೆಯೇ ದಾರಿ ಇದೆ. ಟಿಕೆಟ್ ಕೂಡ ಇಲ್ಲ. ಹಾಗಾಗಿ ಅಪ್ಪನ ವೀಸಾ ಪ್ರಶ್ನೆ ಅಲ್ಲಿ ಬರುವುದಿಲ್ಲ. ಬೇಸ್ ಒಳಗೆ ಇಳಿದಿದ್ದರೆ ಬರುತ್ತಿತ್ತು. ಸಮಯ ಇದ್ದರೆ ಹಫ್‌ಮನ್ ಪ್ರೇರಿ ಬಿಡಬೇಡಿ. ಕಿಟ್ಟಿ ಹಾಕ್‌ನಲ್ಲಿ ಮೊದಲ ಸಲ ನೆಗೆದ ಮೇಲೆ ರೈಟ್ ಅಣ್ಣತಮ್ಮಂದಿರು ವಿಮಾನ ತಿರುಗಿಸಲು ಕಲಿತಿದ್ದು ಈ ಹುಲ್ಲುಗಾವಲಿನಲ್ಲಿ, 1904 ಮತ್ತು 1905ರಲ್ಲಿ. 1905ರ ಅಕ್ಟೋಬರ್ 5ರಂದು ವಿಲ್ಬರ್ ರೈಟ್ 39 ನಿಮಿಷ ಸುತ್ತುತ್ತಲೇ ಇದ್ದರು. ಜಾಗ ಬೇಸ್‌ನ ನೆಲದಲ್ಲೇ ಇದೆ. ತೆರೆದಿದೆಯಾ ಅಂತ ಮೊದಲು ಫೋನ್ ಮಾಡಿ ಕೇಳಿ.

ಅಪ್ಪನಿಗೆ ಒಳ್ಳೆ ಹೆಡ್‌ಸೆಟ್ ಕೊಡಿ. ಕಿವಿ ಮಂದ ಇರುವವರಿಗೆ ಅದರಲ್ಲಿ ನಮ್ಮ ಮಾತು ಮನೆಯಲ್ಲಿ ಕೇಳುವುದಕ್ಕಿಂತ ಚೆನ್ನಾಗಿ ಕೇಳುತ್ತದೆ.

ಜಕ್ಕೂರು ಹಳಬ:

ನಾನು ಬೆಂಗಳೂರಿನ ಜಕ್ಕೂರಿನಲ್ಲಿ ಹಾರಲು ಕಲಿತವನು. ಎದ್ದ ಕೂಡಲೇ ಪಕ್ಕದಲ್ಲೇ ಯಲಹಂಕ ಏರ್‌ಫೋರ್ಸ್ ಸ್ಟೇಷನ್. ಆ ರನ್‌ವೇ ನೋಡುತ್ತಾ ಬೆಳೆದೆ, ಅಲ್ಲಿ ಒಮ್ಮೆಯೂ ಇಳಿಯಲಿಲ್ಲ. ಇಲ್ಲಿ ಹಾರಲು ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ಬೇಕು. ಅದು ಬರದಿದ್ದರೆ ವಿಮಾನ ನೆಲದಲ್ಲೇ ಉಳಿಯುತ್ತದೆ. ಆದರೂ ನಮ್ಮಲ್ಲಿ ಎಷ್ಟೋ ಜನ ಏರ್‌ಫೋರ್ಸ್ ರನ್‌ವೇ ಮೇಲೆ ಗೊತ್ತಿಲ್ಲದೆ ಇಳಿದಿರುತ್ತಾರೆ. ಪುಣೆ, ಶ್ರೀನಗರ, ನಮ್ಮ ಬೀದರ್ ಎಲ್ಲಾ ಏರ್‌ಫೋರ್ಸ್‌ನವೇ. ಒಂದು ಮೂಲೆಯಲ್ಲಿ ಸಿವಿಲ್ ಟರ್ಮಿನಲ್ ಇರುತ್ತದೆ, ಅಷ್ಟೆ.

ಇದನ್ನು ಬರೆಯಲು ಕೂತಿದ್ದು ಬೇರೆ ಕಾರಣಕ್ಕೆ. ನಿಮ್ಮ ತಂದೆಯವರು ಮಾರುತ್ ಮೇಲೆ ಕೆಲಸ ಮಾಡಿದವರು ಅಂದಿರಿ. ಮಾರುತ್ ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್. ಬೆಂಗಳೂರಿಗೆ ಬಂದು ನೆಲೆಸಿ ನಮ್ಮವರ ಜೊತೆ ಕೂತು ಮಾಡಿದರು. ಮೊದಲು ಹಾರಿದ್ದು 1961ರ ಜೂನ್ 17ರಂದು. ಅದೇ ಟ್ಯಾಂಕ್ ಮಹಾಯುದ್ಧದ ಕಾಲದಲ್ಲಿ ಮಾಡಿದ ಫೋಕೆ-ವುಲ್ಫ್ 190 ಡಿ-9 ಡೇಟನ್ ಮ್ಯೂಸಿಯಂನಲ್ಲಿದೆ. ಎರಡನೇ ಮಹಾಯುದ್ಧದ ಗ್ಯಾಲರಿಯಲ್ಲಿ ಕೇಳಿ. ಅವರಿಗೆ ಮೊದಲೇ ಹೇಳಬೇಡಿ. ಸುಮ್ನೆ ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ.

ಕೊಲಂಬಸ್ ಕನ್ನಡಿಗ:

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ಅಕ್ಕ ಹೇಳಿದ ಹಾಗೆ ಗ್ರೀನ್ ಕೌಂಟಿಯಲ್ಲಿ ಇಳಿದೆ. ಹೋಗುವಾಗ ಎಡಗಡೆ ಮುಂದಿನ ಸೀಟಿನಲ್ಲಿ ನಾನು, ಬಲಗಡೆ ಅಪ್ಪ. ಮೊದಲ ಹತ್ತು ನಿಮಿಷ ಅವರು ಹೊರಗೆ ನೋಡಲೇ ಇಲ್ಲ. ರೆಕ್ಕೆಯ ಕೆಳಗಿನ ರಿವೆಟ್ ಸಾಲು ನೋಡುತ್ತಿದ್ದರು. ದೂರದಿಂದ ಬೇಸ್‌ನ ರನ್‌ವೇ ತೋರಿಸಿದೆ. 'ಅಬ್ಬಾ, ಎಷ್ಟು ಉದ್ದ' ಅಂದರು. ಇಳಿಯಬೇಕು ಅನ್ನುವ ಹಟ ನನಗೆ ಅಷ್ಟರಲ್ಲಿ ಇಳಿದಿತ್ತು.

ಹಳಬ ಸರ್, ನಿಮ್ಮ ಮಾತಿನಂತೆ ಏನೂ ಹೇಳದೆ ಫೋಕೆ-ವುಲ್ಫ್ ಮುಂದೆ ನಿಲ್ಲಿಸಿದೆ. ಫಲಕ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. 'ನಮ್ಮ ಟ್ಯಾಂಕ್ ಸಾಹೇಬರದ್ದಲ್ವಾ ಇದು' ಅಂತ ಜೋರಾಗಿ ಕೂಗಿದರು. 'ನಾನು ಸೇರುವ ಮೊದಲೇ ಅವರು ಹೋಗಿದ್ದರು, ಆದರೆ ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳೆಲ್ಲಾ ಅವರ ಕಥೆಯನ್ನೇ ಹೇಳುತ್ತಿದ್ದರು' ಅಂದರು. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಎಕ್ಸ್‌ಬಿ-70 ಅನ್ನುವ ಅಷ್ಟು ದೊಡ್ಡ ಬಿಳಿ ಬಾಂಬರ್ ಹತ್ತಿರ ಐದು ನಿಮಿಷವೂ ನಿಲ್ಲಲಿಲ್ಲ.

ವಾಪಸ್ ಬರುವಾಗ ಕೊಲಂಬಸ್ ಪಕ್ಕದ ರಿಕನ್‌ಬ್ಯಾಕರ್‌ನಲ್ಲಿ ಇಳಿದೆವು. ಹಿಂದೆ ಅದು ಏರ್‌ಫೋರ್ಸ್ ಬೇಸ್, ಈಗ ಸಿವಿಲ್ ಏರ್‌ಪೋರ್ಟ್. ನ್ಯಾಷನಲ್ ಗಾರ್ಡ್‌ನವರ ಆಕಾಶದಲ್ಲೇ ಬೇರೆ ವಿಮಾನಕ್ಕೆ ಇಂಧನ ತುಂಬುವ ಕೆಸಿ-135 ಟ್ಯಾಂಕರ್‌ಗಳು ಇನ್ನೂ ಅಲ್ಲೇ ಇವೆ. ಫಾರ್ಮ್ ಬೇಡ, ಪಿಪಿಆರ್ ಬೇಡ. ಸಾಲಾಗಿ ನಿಂತ ಟ್ಯಾಂಕರ್‌ಗಳನ್ನು ದೂರದಿಂದ ನೋಡುತ್ತಾ ನಮ್ಮ ಪುಟ್ಟ ಸೆಸ್ನಾ ಟ್ಯಾಕ್ಸಿ ಮಾಡಿಕೊಂಡು ಹೋಯಿತು. ಅಪ್ಪ ಎಣಿಸುತ್ತಿದ್ದರು.

ಅವರು ಮುಂದಿನ ವಾರ ಊರಿಗೆ ಹೊರಡುತ್ತಾರೆ. ಹಳಬ ಸರ್, ಜಕ್ಕೂರಿಗೆ ಬಂದು ನಿಮ್ಮನ್ನು ಕಾಣಬೇಕಂತೆ. ಯಾವ ದಿನ ಸಿಗುತ್ತೀರಿ ಹೇಳಿ.