ಫ್ಯಾಮಿಲಿ ನರ್ಸ್ ಪ್ರ್ಯಾಕ್ಟೀಷನರ್ (ಎಫ್‌ಎನ್‌ಪಿ, ಎಲ್ಲ ವಯಸ್ಸಿನ ರೋಗಿಗಳನ್ನ ನೋಡಿ ಔಷಧಿ ಬರೆಯೋ ನರ್ಸ್) ಆಗೋಕೆ ಡಿಎನ್‌ಪಿ (ನರ್ಸಿಂಗ್ ಪ್ರ್ಯಾಕ್ಟೀಸ್ ಡಾಕ್ಟರೇಟ್) ಮಾಡಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ: ಅಮೆರಿಕದಲ್ಲಿ ಆರ್‌ಎನ್ (ನೋಂದಾಯಿತ ನರ್ಸ್), ಬಿಎಸ್‌ಎನ್ (ನರ್ಸಿಂಗ್ ಪದವಿ) ಆಗಿದೆ. ವಾರ್ಡ್ ಬಿಟ್ಟು ಫ್ಯಾಮಿಲಿ ಪ್ರ್ಯಾಕ್ಟೀಸ್‌ಗೆ ಹೋಗೋ ಆಸೆ. ಎಂಎಸ್‌ಎನ್ (ನರ್ಸಿಂಗ್ ಸ್ನಾತಕೋತ್ತರ ಪದವಿ) ಸಾಕಾ, ನೇರವಾಗಿ ಡಿಎನ್‌ಪಿಗೇ ಸೇರ್ಲಾ? ಮಗು ಚಿಕ್ಕದು, ಕೆಲಸ ಬಿಡೋ ಹಾಗಿಲ್ಲ.

ಉತ್ತರ 1: ನಾನು ನೇರ ಡಿಎನ್‌ಪಿ ಮಾಡಿದವಳು. ಆದ್ರೂ ಹೇಳ್ತೀನಿ, ಕೆಲಸಕ್ಕೆ ಎಂಎಸ್‌ಎನ್ ಸಾಕು. ಪ್ರಮಾಣಪತ್ರ ಕೊಡೋ ಸಂಸ್ಥೆಗಳಾದ ಎಎನ್‌ಸಿಸಿ, ಎಎಎನ್‌ಪಿಸಿಬಿ ಎರಡರ ಎಫ್‌ಎನ್‌ಪಿ ಪರೀಕ್ಷೆಗೂ ಅದು ನಡೆಯುತ್ತೆ. ಔಷಧಿ ಬರೆಯೋ ಅಧಿಕಾರ, ವೈದ್ಯರ ಜೊತೆ ಒಪ್ಪಂದ ಬೇಕಾ ಬೇಡ್ವಾ ಅನ್ನೋದು ರಾಜ್ಯದ ಕಾನೂನಿಗೆ ಬಿಟ್ಟಿದ್ದು. ಡಿಎನ್‌ಪಿ ಆಯ್ತು ಅಂತ ರೋಗಿ ನೋಡೋ ವ್ಯಾಪ್ತಿ ಹೆಚ್ಚಲ್ಲ. 'ಇನ್ಮೇಲೆ ಡಿಎನ್‌ಪಿ ಕಡ್ಡಾಯ' ಅಂತ ಅಡ್ಮಿಷನ್‌ನವರು ಹೆದರಿಸಿದ್ರೆ ನಂಬಬೇಡಿ. ನರ್ಸಿಂಗ್ ಕಾಲೇಜುಗಳ ಸಂಘ ಎಎಸಿಎನ್ 2004ರಲ್ಲಿ 2015ರ ಗುರಿ ಇಟ್ಟಿತ್ತು, ನರ್ಸ್ ಪ್ರ್ಯಾಕ್ಟೀಷನರ್ ಅಧ್ಯಾಪಕರ ಸಂಸ್ಥೆ 2018ರಲ್ಲಿ 2025 ಅಂತು. ಎರಡೂ ಗಡುವು ದಾಟಿದ್ವು, ಎಂಎಸ್‌ಎನ್ ಎಲ್ಲೂ ಹೋಗಿಲ್ಲ.

ಹಾಗಾದ್ರೆ ನಾನ್ಯಾಕೆ ಮಾಡ್ದೆ? ಡಿಎನ್‌ಪಿಯಲ್ಲಿ ಮಾಡಬೇಕಾದ ಪ್ರಾಜೆಕ್ಟ್‌ಗೋಸ್ಕರ. ಪಿಎಚ್‌ಡಿ ಥರ ಹೊಸ ಸಿದ್ಧಾಂತ ಹುಡುಕೋದಲ್ಲ ಇದು, ಗೊತ್ತಿರೋದನ್ನ ಕ್ಲಿನಿಕ್‌ನಲ್ಲಿ ನಡೆಯೋ ಹಾಗೆ ಮಾಡೋದು. ನಮ್ಮಲ್ಲಿ ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ತಪ್ಪಿಹೋಗ್ತಾ ಇತ್ತು. ಯಾರಿಗೂ ಗೊತ್ತಿಲ್ಲದ ವಿಷಯವಲ್ಲ, ರೋಗಿ ಶೂ ಬಿಚ್ಚೋ ಹೊತ್ತಿಗೆ ಅಪಾಯಿಂಟ್‌ಮೆಂಟ್ ಟೈಮೇ ಮುಗಿದಿರ್ತಿತ್ತು. ಬಿಪಿ ನೋಡೋಕೆ ಬರೋ ಮೆಡಿಕಲ್ ಅಸಿಸ್ಟೆಂಟ್ ಆಗಲೇ ಶೂ, ಸಾಕ್ಸ್ ಬಿಚ್ಚಿಸೋದು, ಪ್ರತಿ ರೂಮಿನ ಗೋಡೆಗೂ 10 ಗ್ರಾಂ ಮಾನೋಫಿಲಮೆಂಟ್ (ಪಾದದಲ್ಲಿ ಸ್ಪರ್ಶ ಗೊತ್ತಾಗುತ್ತಾ ಅಂತ ನೋಡೋ ನೈಲಾನ್ ಎಳೆ) ನೇತುಹಾಕೋದು, ಚಾರ್ಟ್‌ನಲ್ಲಿ ನೆನಪಿಸೋ ಒಂದು ಗುರುತು. ಇಷ್ಟೇ! ಆದ್ರೆ ಇದನ್ನ ಜಾರಿಗೆ ತರೋಕೆ ಎಲ್ಲರನ್ನೂ ಒಪ್ಪಿಸಬೇಕಲ್ಲ, ಅದೇ ನಿಜವಾದ ಪಾಠ. ಐಆರ್‌ಬಿಯಿಂದ (ಸಂಶೋಧನೆಯ ನೈತಿಕತೆ ನೋಡೋ ಸಮಿತಿ) 'ಇದು ಸಂಶೋಧನೆಯಲ್ಲ, ಗುಣಮಟ್ಟ ಸುಧಾರಣೆ' ಅನ್ನೋ ಪತ್ರ ಬರೋಕೇ ಸಾಕಷ್ಟು ಕಾಯಿಸ್ತಾರೆ, ಬೇಗ ಅರ್ಜಿ ಹಾಕಿ.

ಉತ್ತರ 2: ಪ್ರಾಜೆಕ್ಟ್‌ಗಿಂತ ತಲೆನೋವು ಪ್ರಿಸೆಪ್ಟರ್ (ತಮ್ಮ ಕ್ಲಿನಿಕ್‌ನಲ್ಲಿ ನಮಗೆ ತರಬೇತಿ ಕೊಡೋ ವೈದ್ಯರು ಅಥವಾ ಎನ್‌ಪಿ, ಅಂದ್ರೆ ನರ್ಸ್ ಪ್ರ್ಯಾಕ್ಟೀಷನರ್) ಹುಡುಕೋದು ಸ್ವಾಮಿ! 2022ರ ರಾಷ್ಟ್ರೀಯ ಮಾನದಂಡದ ಪ್ರಕಾರ ರೋಗಿಗಳ ಜೊತೆ ನೇರವಾಗಿ ಕನಿಷ್ಠ 750 ಗಂಟೆ ಆಗಬೇಕು. ಎಫ್‌ಎನ್‌ಪಿ ಅಂದ್ರೆ ಹಸುಗೂಸಿಂದ ಮುದುಕರವರೆಗೆ, ಗರ್ಭಿಣಿಯರನ್ನೂ ಸೇರಿಸಿ. ನಿಮ್ಮ ವಾರ್ಡ್‌ನ ಪರಿಚಯದ ಕಾರ್ಡಿಯಾಲಜಿಸ್ಟ್ ಒಬ್ಬರೇ ಇದ್ರೆ ಸಾಲದು. ಮಕ್ಕಳ ಕ್ಲಿನಿಕ್ ಸಿಗೋದಂತೂ ಬಲು ಕಷ್ಟ.

ಫೀಸು ಕಟ್ಟೋ ಮುಂಚೆ ಬರವಣಿಗೆಯಲ್ಲಿ ಕೇಳಿ: ಪ್ರಿಸೆಪ್ಟರ್ ಕೊಡಿಸೋದು ಕಾಲೇಜಾ, ನಾನಾ? 'ಸಹಾಯ ಮಾಡ್ತೀವಿ' ಅಂದ್ರೆ ನೀವೇ ಹುಡುಕ್ಬೇಕು ಅಂತಾನೇ ಅರ್ಥ. ನನ್ನ ಜೊತೆಯವಳೊಬ್ಬಳು ಮಧ್ಯವರ್ತಿಗೆ ಕೈಯಿಂದ ದುಡ್ಡು ಕೊಟ್ಟು ಜಾಗ ಹಿಡಿದಳು. ಸಿಸಿಎನ್‌ಇ ಅಥವಾ ಎಸಿಇಎನ್ ಮಾನ್ಯತೆ ಇದೆಯಾ, ಆನ್‌ಲೈನ್ ಆದ್ರೆ ನಿಮ್ಮ ರಾಜ್ಯದ ವಿದ್ಯಾರ್ಥಿಗಳನ್ನ ತಗೋತಾರಾ ಅನ್ನೋದನ್ನೂ ನೋಡ್ಕೊಳ್ಳಿ.

ಉತ್ತರ 3: ನಿಮ್ಮ ಪರಿಸ್ಥಿತಿಗೆ ನನ್ನ ದಾರಿ ಹೊಂದಬಹುದು ಮೇಡಂ. ನಾನು ಎಂಎಸ್‌ಎನ್ ಮುಗಿಸಿ, ಎಫ್‌ಎನ್‌ಪಿ ಆಗಿ ಕೆಲಸಕ್ಕೆ ಸೇರಿ, ಆಮೇಲೆ ಪೋಸ್ಟ್ ಮಾಸ್ಟರ್ಸ್ ಡಿಎನ್‌ಪಿ ಪಾರ್ಟ್ ಟೈಮ್ ಮಾಡ್ದೆ. ಫೀಸಿನ ಒಂದು ಭಾಗ ಕೆಲಸ ಕೊಟ್ಟವರೇ ಕಟ್ಟಿದ್ರು, ಹಳೇ ಕ್ಲಿನಿಕಲ್ ಗಂಟೆಗಳೂ ಲೆಕ್ಕಕ್ಕೆ ಬಂದ್ವು. ಸಂಬಳದಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಆಗಲಿಲ್ಲ. ಪಾಠ ಮಾಡೋ ಆಸೆ ಇದ್ದಿದ್ರಿಂದ ನನಗೆ ಉಪಯೋಗ ಆಯ್ತು, ಅಷ್ಟೆ.

ಕ್ಲಿನಿಕ್‌ಗಳು ಹೆಚ್ಚಾಗಿ ವಾರದ ದಿನಗಳಲ್ಲಿ, ಹಗಲು ಹೊತ್ತೇ ತೆರೆದಿರೋದು. ಹಾಗಾಗಿ ಯಾವ ಡಿಗ್ರಿಗೆ ಸೇರಿದ್ರೂ ಕ್ಲಿನಿಕಲ್ ಶುರುವಾಗೋ ಸೆಮಿಸ್ಟರ್‌ಗೆ ವೀಕೆಂಡ್ ಶಿಫ್ಟ್ ಸಿಗುತ್ತಾ ಅಂತ ಮ್ಯಾನೇಜರ್ ಹತ್ರ ಈಗಲೇ ಮಾತಾಡಿಡಿ. ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ನೇರ ಕ್ಲಿನಿಕ್‌ಗೆ ಹೋಗೋ ಪ್ಲಾನ್ ಮಾತ್ರ ಹಾಕ್ಕೋಬೇಡಿ.